ಕೆಂಪು ಬಟ್ಟೆ ಅಡುಗೆಮನೆಗೆ ಬೇಡ

ಬಾಗಲವಾಡದ ಸೌಭಾಗ್ಯಳ ಮಗಳಿಗೆ ಮತ್ತೆ ವಾಂತಿ-ಭೇದಿ ಶುರುವಾಯಿತು. ಹಿಂದಿನ ವಾರವಷ್ಟೇ ಮಾನ್ವಿಯ ಆಸ್ಪತ್ರೆಯಲ್ಲಿ ಸಲೈನ್ ಹಾಕಿಸಿ ಕರೆತಂದಿದ್ದ ಕೂಸು ಅದು. ಈಗ ಮತ್ತೆ ಕಣ್ಣು ಒಳಗೆ ಹೋಗಿದ್ದವು. ಅತ್ತರೆ ಕಣ್ಣೀರೂ ಬರುತ್ತಿರಲಿಲ್ಲ.

"ಯವ್ವಾ, ಕೂಸು ಕಣ್ಣ ತೆರೀವಲ್ದು!" ಎಂದು ಸೌಭಾಗ್ಯ ಚೀರಿದಳು.

ಅತ್ತೆ ಬಸ್ಸಮ್ಮ ನೀರಿಗೆ ಓಆರ್‌ಎಸ್ ಪುಡಿ ಕಲಸಿದಳು. ಗಂಡ ಅಂಜಿನೇಯ ಆಟೋ ತರಲು ಓಡಿದ. ಚಮಚದಲ್ಲಿ ಹಾಕಿದ ಓಆರ್‌ಎಸ್ ಕೂಡ ಹೊರಗೆ ಬರುತ್ತಿತ್ತು. ಮಾನ್ವಿ ಬರುವ ತನಕ ಸೌಭಾಗ್ಯ ಆಟೋದಲ್ಲಿ ಅತ್ತೆಯ ಪಕ್ಕ ಮಗುವಿನ ಮೂಗಿನ ಹತ್ತಿರ ಬೆರಳು ಹಿಡಿದೇ ಕುಳಿತಿದ್ದಳು.

ಮಗು ಉಳಿಯಿತು. ಆದರೆ ಅದನ್ನು ಮನೆಗೆ ಕರೆತರಲು ಅವಳಿಗೆ ಧೈರ್ಯ ಸಾಲಲಿಲ್ಲ. "ನಮ್ಮ ಮನ್ಯಾಗ ಏನೋ ಅದ. ನಾ ಬರೂದಿಲ್ಲ" ಎಂದು ಆಸ್ಪತ್ರೆಯಲ್ಲೇ ಅಳುತ್ತ ಕುಳಿತಳು.

ಮರುದಿನ ವಿಚಾರಿಸಲು ಆಶಾ ಕಾರ್ಯಕರ್ತೆ ಶಿವಗಂಗಾ ಮನೆಗೆ ಬಂದಾಗ, ಆಸ್ಪತ್ರೆಯಿಂದ ಮರಳಿದ್ದ ಬಸ್ಸಮ್ಮ ಪಾಯಖಾನೆ ಒರೆಸುತ್ತಿದ್ದಳು. ಅದೇ ಬಟ್ಟೆ ಹಿಂಡಿಕೊಂಡು ಅಡುಗೆಕಟ್ಟೆಗೆ ನಡೆದಳು.

"ಬಸ್ಸಮ್ಮ, ತಡೀರಿ! ಅದ ಬಟ್ಟೀಲೆ ಅಡಗಿ ಕಟ್ಟಿ ಒರಸ್ತೀರೇನು?"

"ಹಿಂಡೀನಲ್ಲಬೇ, ಫಿನಾಯಿಲ್ ಹಾಕೀನಿ. ನಮ್ಮನಿಯಷ್ಟು ಸ್ವಚ್ಛ ಈ ಓಣ್ಯಾಗ ಯಾರ ಮನಿ ಅದ ಹೇಳು?"

"ಸ್ವಚ್ಛ ಕಾಣ್ತದ, ಖರೆ. ಆದ್ರ ರೋಗಾಣು ಕಣ್ಣಿಗೆ ಕಾಣೂದಿಲ್ರಿ. ಪಾಯಖಾನ್ಯಾಗಿಂದ ಬಟ್ಟಿಗೆ ಹತ್ತಿ ಕಟ್ಟಿಗೆ ಬರ್ತಾವ. ಅಲ್ಲಿಂದ ಕೂಸಿನ ಚಮಚಕ್ಕ, ಬಾಯಿಗೆ."

ಬಸ್ಸಮ್ಮನ ಕೈಯಿಂದ ಬಟ್ಟೆ ಜಾರಿತು. "ಹಂಗಾರ ನನ್ನ ಕೈಲೇ ಕೂಸಿಗೆ ವಿಷ ಹಾಕಿದಂಗಾತೇನವ್ವಾ?"

"ಇದರಿಂದನ ಬಂತು ಅಂತ ಖಾತ್ರಿ ಹೇಳಾಕ ಬರೂದಿಲ್ರಿ. ಆದ್ರ ಈ ದಾರಿ ಇವತ್ತ ಬಂದ್ ಮಾಡೋಣು."

ಇಬ್ಬರೂ ಕೂತು ಹಳೆ ಸೀರೆಗಳನ್ನು ಹರಿದರು. ಕೆಂಪು ಪಾಯಖಾನೆಗೆ, ಹಸಿರು ಅಡುಗೆಮನೆಗೆ, ನೀಲಿ ಉಳಿದ ನೆಲಕ್ಕೆ. ಬಕೆಟ್ಟುಗಳನ್ನೂ ಬೇರೆ ಮಾಡಿ, ಅವುಗಳ ಹಿಡಿಕೆಗೆ ಅದೇ ಬಣ್ಣದ ಚಿಂದಿ ಕಟ್ಟಿದರು.

"ಓದಾಕ ಬರದವರಿಗೂ ಬಣ್ಣ ತಿಳೀತದ" ಎಂದಳು ಶಿವಗಂಗಾ.

ಈ ಬದಲಾವಣೆ ಕೇಳಿ ಸೌಭಾಗ್ಯ ಅಳುಕುತ್ತಲೇ ಮಗುವಿನೊಂದಿಗೆ ಮನೆಗೆ ಬಂದಳು. ಒಂದು ಮುಂಜಾನೆ ಅಡುಗೆಕಟ್ಟೆಯ ಮೇಲೆ ಮಗುವಿನ ಗಂಜಿ ಚೆಲ್ಲಿತು. ಅಂಜಿನೇಯ ಕೈಗೆ ಸಿಕ್ಕ ಕೆಂಪು ಬಟ್ಟೆ ತಂದ.

"ಲೇ, ಇಡು ಅದನ್ನ!" ಬಸ್ಸಮ್ಮ ಕೂಗಿದ ಕೂಗಿಗೆ ಮಗ ನಿಂತಲ್ಲೇ ನಿಂತ. "ಮತ್ತ ಆ ಆಟೋದಾಗ ಕೂಡೂ ಶಕ್ತಿ ನನಗಿಲ್ಲಪ್ಪಾ."

ಅವನು ಬಟ್ಟೆ ಇಟ್ಟು, ಸಾಬೂನಿನಿಂದ ಕೈ ತೊಳೆದು, ಹಸಿರು ಬಟ್ಟೆ ತಂದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಅಡುಗೆಕಟ್ಟೆ ಒರೆಸುವ ಬಟ್ಟೆ ಇದಕ್ಕೂ ಮುಂಚೆ ಎಲ್ಲಿಗೆ ಹೋಗಿತ್ತು? ಈಗಲೇ ಎದ್ದು ನೋಡಿ. ಜಾಗಕ್ಕೊಂದು ಬಣ್ಣ ಗೊತ್ತುಮಾಡಿ, ಮನೆಯವರಿಗೆಲ್ಲ ತಿಳಿಸಿ. ಬಟ್ಟೆಗಳನ್ನು ಬೇರೆ ಬೇರೆ ತೊಳೆದು ಬಿಸಿಲಿಗೆ ಹಾಕಿ. ಮಗುವಿಗೆ ಭೇದಿಯಾದರೆ ಓಆರ್‌ಎಸ್ ಕುಡಿಸುತ್ತಾ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.