ಡಬ್ಬಿಗೆ ಕಾಣದ ಮಾಲಿ

ಅಕ್ಕ ದಿನಾ ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಅಡುಗೆಮನೆಯ ಸ್ಪೀಕರನ್ನು ಒಂದು ಪ್ರಶ್ನೆ ಕೇಳುತ್ತಿದ್ದಳು: ಟೀವಿ ಡಬ್ಬಿಗೆ ಹೊಸ ಅಪ್‌ಡೇಟ್ ಬಂತಾ? ಕಪಾಟಿನ ಮೇಲೆ ಕೂತಿದ್ದ ಆ ಗುಂಡು ಸ್ಪೀಕರ್ ನಯವಾದ ದನಿಯಲ್ಲಿ ಇನ್ನೂ ಇಲ್ಲ ಎನ್ನುತ್ತಿತ್ತು. ಪರವಾಗಿಲ್ಲ ಬಿಡು, ನಿಂದೇನು ತಪ್ಪು ಎಂದು ಅಕ್ಕ ಅದನ್ನೇ ಸಮಾಧಾನ ಮಾಡಿ ಹಾಲು ಕಾಯಿಸಲು ಇಡುತ್ತಿದ್ದಳು. ಯಾವ ಕಂಪನಿ ಯಾವ ತಿಂಗಳಲ್ಲಿ ಏನು ಬಿಡುಗಡೆ ಮಾಡುತ್ತದೆ, ಯಾವ ಸ್ಪೀಕರಿನ ಕಿವಿ ಚುರುಕು, ಯಾವ ಡಬ್ಬಿ ಬರೀ ಥಳುಕು ಎಂಬುದೆಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಹೊಸ ಸ್ಪೀಕರಿನ ಸುದ್ದಿ ಬಂದರೆ ಸಾಕು, ಊಟ ಮಾಡುತ್ತಿದ್ದರೂ ಅರ್ಧಕ್ಕೆ ಕೈ ನಿಲ್ಲಿಸಿ ಕಿವಿಗೊಡುತ್ತಿದ್ದಳು. ಭಾವ ಮೂಗು ಮುರಿದರೆ, ಅವರು ಇನ್ನೂ ಬಟನ್ ಫೋನಿನ ಕಾಲದವರು ಎಂದು ಮೂಲೆಗೆ ತಳ್ಳುತ್ತಿದ್ದಳು.

ಹೊಸದು ಅಂದರೆ ಸಾಕು ಮಾರುದೂರ ಓಡುವ ವಯಸ್ಸಿನಲ್ಲಿ ಅಕ್ಕ ಹೀಗೆ ಚಿಕ್ಕ ಹುಡುಗಿಯ ಹಾಗೆ ಕಾಯುವುದನ್ನು ನೋಡಿದರೆ ತಂಗಿಗೆ ಹೆಮ್ಮೆಯಾಗುತ್ತಿತ್ತು. ತನ್ನ ಪಾರ್ಲರಿಗೆ ಕೂದಲು ಕತ್ತರಿಸಿಕೊಳ್ಳಲು ಬಂದವರಿಗೆಲ್ಲ, ನಮ್ಮಕ್ಕನಿಗೆ ಗೊತ್ತಿರೋದು ಆ ಕಂಪನಿಯವರಿಗೂ ಗೊತ್ತಿರಲ್ಲ ಎಂದು ಕೊಚ್ಚಿಕೊಳ್ಳುತ್ತಿದ್ದಳು. ಆದರೆ ಈ ಸಲದ ಅಪ್‌ಡೇಟ್ ಮಾತ್ರ ಹಾಳಾಗಿ ಹೋಗಲಿ, ಇತ್ತ ತಲೆ ಹಾಕದಿರಲಿ ಎಂದು ಒಬ್ಬಳು ಒಳಗೊಳಗೇ ಬೇಡಿಕೊಳ್ಳುತ್ತಿದ್ದಳು. ಅವಳು ಬೇರಾರೂ ಅಲ್ಲ, ಈ ತಂಗಿಯೇ.

ಅಕ್ಕನಿಗೆ ಕಣ್ಣು ಕಾಣಿಸುವುದಿಲ್ಲ. ಹುಟ್ಟಿನಿಂದ ಬಂದದ್ದಲ್ಲ. ಅವಳು ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದವಳು. ಶಾಲೆಯ ಪಠ್ಯ, ಮದುವೆಯ ಕರೆಯೋಲೆ, ಔಷಧಿ ಡಬ್ಬದೊಳಗಿನ ಸಣ್ಣ ಅಕ್ಷರದ ಚೀಟಿ, ಏನೇ ಆಗಲಿ ಅವಳ ಕೈ ದಾಟಿಯೇ ಹೋಗಬೇಕು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತಪ್ಪನ್ನು ಎತ್ತಿ ಹೊರಗಿಡುತ್ತಿದ್ದಳು. ಅಂಥ ಕಣ್ಣಿಗೇ ನಡುವಿನಿಂದ ಮಸುಕು ಶುರುವಾಯಿತು. ಅಕ್ಷರ ಹೋಯಿತು, ಮುಖಗಳು ಹೋದವು, ಕೊನೆಗೆ ಕಿಟಕಿ ಎಲ್ಲಿದೆ ಎಂಬಷ್ಟು ಬೆಳಕು ಮಾತ್ರ ಉಳಿಯಿತು. ಇನ್ನು ಮಾಡುವಂಥದ್ದು ಏನೂ ಇಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಅಕ್ಕ ಕುರ್ಚಿ ಹಿಡಿದು ಕೂತವಳು ಏಳಲೇ ಇಲ್ಲ. ಯಾರು ಬಂದರೂ ಹೂಂ, ಏನು ಕೊಟ್ಟರೂ ಹೂಂ. ಭಾವ ದಿಕ್ಕು ತೋಚದೆ ಸ್ಪೀಕರನ್ನೂ ಡಬ್ಬಿಯನ್ನೂ ತಂದಿಟ್ಟಿದ್ದು ಆಗಲೇ. ಬಾಯಲ್ಲಿ ಹೇಳಿದರೆ ದೀಪ ಹತ್ತುತ್ತದೆ, ಟೀವಿ ಹಾಡುತ್ತದೆ, ಯಾರ ಹಂಗೂ ಬೇಡ ಎಂಬುದು ಗೊತ್ತಾದ ಮೇಲೆ ಅಕ್ಕ ಮೆಲ್ಲಗೆ ಕುರ್ಚಿ ಬಿಟ್ಟಳು. ಆ ಎರಡು ವಸ್ತುಗಳಿಗೆ ತಂಗಿ ಮನಸ್ಸಿನಲ್ಲೇ ಕೈಮುಗಿದಿದ್ದಳು.

ಸಂಜೆ ಒಂದು ಧಾರಾವಾಹಿ ಬರುತ್ತಿತ್ತು. ದೊಡ್ಡದೊಂದು ಮನೆ, ಅದಕ್ಕೊಬ್ಬ ಒಡತಿ, ಆ ಮನೆಗಾಗಿ ಕಿತ್ತಾಡುವ ಅವಳ ತಮ್ಮಂದಿರು. ಭಾವ ಆ ಹೊತ್ತಿಗೆ ಔಷಧಿ ಅಂಗಡಿಯಲ್ಲಿರುತ್ತಿದ್ದರು. ಹಾಗಾಗಿ ಊರಿನ ಇನ್ನೊಂದು ತುದಿಯಲ್ಲಿದ್ದ ತಂಗಿ ಪಾರ್ಲರಿನ ಬಾಗಿಲು ಎಳೆದುಕೊಂಡು, ಗಿರಾಕಿಗಳ ಕುರ್ಚಿಯಲ್ಲಿ ತಾನೇ ಕೂತು, ಗೋಡೆಯ ಟೀವಿ ಹಾಕಿಕೊಂಡು ಫೋನಿನಲ್ಲಿ ಅಕ್ಕನಿಗೆ ಕಣ್ಣಾಗುತ್ತಿದ್ದಳು. ಯಾರು ಬಂದರು, ಏನು ಉಟ್ಟಿದ್ದಾರೆ, ಯಾರ ಕೂದಲು ಬರೀ ಚೌರಿ ಎಂಬುದನ್ನೆಲ್ಲ ಬಿಡಿಸಿ ಬಿಡಿಸಿ ಹೇಳುತ್ತಿದ್ದಳು.

ತೊಡಕೊಂದಿತ್ತು. ಅಕ್ಕನ ಡಬ್ಬಿ ಚುರುಕು, ಪಾರ್ಲರಿನ ಡಬ್ಬಿ ಸೋಮಾರಿ. ಅಕ್ಕನ ಮನೆಯಲ್ಲಿ ಬಾಗಿಲು ಕಿರ್ರೆಂದರೆ ಪಾರ್ಲರಿನಲ್ಲಿ ಇನ್ನೂ ಹಿಂದಿನ ಮಾತೇ ನಡೆಯುತ್ತಿರುತ್ತಿತ್ತು. ಯಾರೇ ಅದು ಬಂದಿದ್ದು ಎಂದು ಅಕ್ಕ ಕೇಳುವಳು, ತಾಳು ನಂಗಿನ್ನೂ ಬಂದಿಲ್ಲ ಎಂದು ತಂಗಿ ಹೇಳುವಳು. ಅವಳಿಗೆ ಬರುವಷ್ಟರಲ್ಲಿ ಅಕ್ಕನ ಕಡೆ ಇನ್ನಾರೋ ಅಳುತ್ತಿರುತ್ತಿದ್ದರು. ಅಕ್ಕನ ಡಬ್ಬಿಯನ್ನು ನಿಲ್ಲಿಸಿ ಹೊಂದಿಸಲು ನೋಡಿದರು. ಒಂದು ಜಾಹೀರಾತು ಬಂದರೆ ಮತ್ತೆ ಎಲ್ಲ ಅಡಿಮೇಲು. ಸಾಲದ್ದಕ್ಕೆ ಫೋನಿನಲ್ಲಿ ತಂಗಿ ನಿಲ್ಲಿಸು ಎಂದದ್ದನ್ನು ಡಬ್ಬಿಯೇ ಕೇಳಿಸಿಕೊಂಡು ತನಗೇ ಹೇಳಿದರೆಂದು ಸುಮ್ಮನಾಗಿಬಿಡುತ್ತಿತ್ತು. ಅಕ್ಕನ ದನಿ ಮತ್ತೆ ಹೂಂ ಹೂಂ ಎನ್ನುವ ಹಳೆಯ ದನಿಗೆ ಜಾರುತ್ತಿರುವುದು ತಂಗಿಯ ಕಿವಿಗೆ ಬಿತ್ತು. ಅವಳಿಗೆ ಹೆದರಿಕೆಯಾಯಿತು.

ಅಂದು ಅಕ್ಕನ ಕಡೆಯಿಂದ ಹಕ್ಕಿ ಕೂಗಿದ್ದು, ಎಲೆ ಅಲುಗಿದ್ದು ಫೋನಿನಲ್ಲಿ ಕೇಳಿಸಿತು. ತೋಟದ ದೃಶ್ಯವಿರಬೇಕು. ತಂಗಿ ಕಾಯಲಿಲ್ಲ. ಒಡತಿ ಹೊರಗೆ ಬಂದಿದ್ದಾಳೆ ಅಕ್ಕ, ಅಲ್ಲೊಬ್ಬ ಮಾಲಿ ಗಿಡಕ್ಕೆ ನೀರು ಹಾಕ್ತಿದ್ದಾನೆ, ಅವಳನ್ನ ನೋಡಿ ಪಕ್ಕಕ್ಕೆ ಸರಿದ ಎಂದುಬಿಟ್ಟಳು. ತನ್ನ ಪರದೆಯ ಮೇಲೆ ತೋಟ ಬಂದಾಗ ಅಲ್ಲಿ ನರಪಿಳ್ಳೆಯೂ ಇರಲಿಲ್ಲ. ಆದರೆ ಅಷ್ಟರಲ್ಲಿ ಅಕ್ಕ ಕೇಳಿದ್ದಳು, ಹೇಗಿದಾನೆ ನೋಡೋಕೆ?

ಹೇಗಿದಾನೆ ಎಂದು ಕೇಳಿದರೆ ತಂಗಿಗೆ ತಡೆಯುಂಟೇ? ದಿನವಿಡೀ ತಲೆಗಳ ನಡುವೆ ಬದುಕುವವಳು. ನರೆತ ಕೂದಲು ಕೊಟ್ಟಳು, ಎಡಗಡೆ ಬೈತಲೆ ತೆಗೆದಳು, ಕಿವಿಯ ಮೇಲೆ ಒಂದು ಕುಚ್ಚು ಯಾವತ್ತೂ ಎದ್ದು ನಿಂತಿರುವ ಹಾಗೆ ಮಾಡಿದಳು. ಮಾತು ಮಾತ್ರ ಕೊಡಲಿಲ್ಲ, ಮಾತನಾಡಿದರೆ ಟೀವಿಯಲ್ಲಿ ಕೇಳಿಸಬೇಕಲ್ಲ. ಹೀಗೆ ಮಾಲಿ ಮೂಗನಂತೆ ಆ ಮನೆಯಲ್ಲಿ ಬೇರೂರಿದ. ತಮ್ಮಂದಿರು ಕೂಗಾಡುವಾಗ ಕಿಟಕಿಯಾಚೆ ಕತ್ತರಿ ಹಿಡಿದು ನಿಂತಿರುತ್ತಿದ್ದ. ಒಡತಿಗೆ ಜ್ವರ ಬಂದರೆ ಅವಳ ಮೆಟ್ಟಿಲ ಬಳಿ ಹೂವಿಟ್ಟು ಹೋಗುತ್ತಿದ್ದ. ಅಕ್ಕನಿಗೆ ತಮ್ಮಂದಿರ ಗೊಡವೆಯೇ ಬೇಡವಾಯಿತು. ಮಾಲಿ ಇವತ್ತು ಬಂದನಾ, ಅವಳು ಅವನ ಕಡೆ ನೋಡಿದಳಾ ಎಂದು ಫೋನೆತ್ತಿದ ಕೂಡಲೇ ವಿಚಾರಣೆ. ಹಳೆಯ ಅಕ್ಕ ಮರಳಿ ಬಂದಿದ್ದಳು. ಅದಕ್ಕಾಗಿ ಇಂಥ ಹತ್ತು ಮಾಲಿಗಳನ್ನು ಹುಟ್ಟಿಸಲೂ ತಂಗಿ ತಯಾರಿದ್ದಳು.

ಆಗ ಬಂತು ಈ ಅಪ್‌ಡೇಟಿನ ಸುದ್ದಿ. ಇನ್ನು ಮುಂದೆ ಡಬ್ಬಿಯೇ ಪರದೆಯನ್ನು ನೋಡಿ, ಅಲ್ಲಿರುವುದನ್ನೆಲ್ಲ ನಮ್ಮ ಭಾಷೆಯಲ್ಲೇ ಬಾಯಿಬಿಟ್ಟು ಹೇಳುತ್ತದಂತೆ. ಅಕ್ಕ ಕುಣಿದಾಡಿದಳು. ಪಾರ್ಲರಿನಲ್ಲಿ ತಂಗಿಗೆ ಮೊದಲು ನೆನಪಾದವನು ಮಾಲಿ.

ಒಂದು ಕಾಮಾ ತಪ್ಪಿದರೂ ಇಡೀ ಪುಟ ವಾಪಸ್ ಕಳಿಸುತ್ತಿದ್ದ ಅಕ್ಕನಿಗೆ ತಾನು ಇಷ್ಟು ದಿನ ಕಾಗಕ್ಕ ಗುಬ್ಬಕ್ಕನ ಕಥೆ ಹೇಳಿದ್ದು ಗೊತ್ತಾದರೆ? ಕಣ್ಣಿಲ್ಲದವಳಿಗೆ ಟೋಪಿ ಹಾಕಿದೆಯಾ ಎಂದರೆ ಏನು ಉತ್ತರ ಕೊಡುವುದು? ಇನ್ನು ತಾನು ಏನು ಹೇಳಿದರೂ ಅಕ್ಕ ನಂಬುವಳೇ? ತಂಗಿಗೆ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು. ಉಪಾಯವಾಗಿ ಮಾಲಿಯನ್ನು ಸಾಗಹಾಕಲು ನೋಡಿದಳು. ಅಪ್‌ಡೇಟ್ ಬರುವ ಮೊದಲೇ ಅವನು ಗಂಟುಮೂಟೆ ಕಟ್ಟಿಕೊಂಡು ಗೇಟು ದಾಟಿ ಹೋದನೆಂದು ಒಂದು ಸಂಜೆ ವರದಿ ಕೊಟ್ಟಳು. ಮಾರನೇ ದಿನ ಭಾವ ಫೋನ್ ಮಾಡಿ, ನಿಮ್ಮಕ್ಕ ಸಪ್ಪಗಿದ್ದಾಳಮ್ಮ, ಊಟವೂ ಸರಿಯಾಗಿ ಮಾಡಿಲ್ಲ, ಏನಾದರೂ ಅಂದೆಯಾ ಎಂದು ಕೇಳಿದರು. ಅದೇ ಸಂಜೆ ಮಾಲಿ ಬಸ್ಸು ತಪ್ಪಿಸಿಕೊಂಡು ಹಿಂದಿರುಗಿದ.

ಅಪ್‌ಡೇಟ್ ಮುಂದಕ್ಕೆ ಹೋಯಿತು. ಅಕ್ಕ ಪೆಚ್ಚಾದಳು, ತಂಗಿ ಉಸಿರು ಬಿಟ್ಟಳು. ಆದರೆ ಎಷ್ಟು ದಿನ? ಪಾರ್ಲರಿಗೆ ರಜೆಯಿದ್ದ ದಿನ ಬೆಳಿಗ್ಗೆ ಅಕ್ಕನ ಫೋನು ಬಂತು. ಸ್ಪೀಕರ್ ಕೊನೆಗೂ ಹೌದು ಎಂದಿತ್ತಂತೆ. ಸಂಜೆ ಮನೆಗೇ ಬಾ, ಇಬ್ಬರೂ ಕೂತು ನೋಡೋಣ ಎಂದಳು ಅಕ್ಕ.

ಡಬ್ಬಿ ಏನಾದರೂ ಹೇಳುವ ಮೊದಲೇ ಎಲ್ಲ ಒಪ್ಪಿಕೊಂಡುಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ತಂಗಿ ಹೋದಳು. ಅಕ್ಕ ಸೋಫಾದ ಮೇಲೆ ಕಾಲು ಮಡಚಿ ಕೂತು, ಪಕ್ಕದಲ್ಲಿ ಜಾಗ ಮಾಡಿಟ್ಟಿದ್ದಳು. ತಂಗಿ ಬಾಯಿ ತೆರೆದಳು, ಶ್, ಶುರುವಾಯ್ತು ಎಂದಳು ಅಕ್ಕ.

ನಿಜ ಹೇಳಬೇಕೆಂದರೆ ಆ ಡಬ್ಬಿಗೆ ತಲೆದೂಗಲೇಬೇಕು. ಯಾರ ಮಾತಿಗೂ ಅಡ್ಡ ಬರದೆ, ಎರಡು ಮಾತುಗಳ ನಡುವಿನ ಬಿಡುವಿನಲ್ಲಿ ನುಸುಳಿ ಹೇಳುತ್ತಿತ್ತು. ಒಡತಿ ಪತ್ರವನ್ನು ಓದದೆ ಮಡಚುತ್ತಾಳೆ. ಕಿರಿಯ ತಮ್ಮ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಾನೆ. ಅವನ ಅಂಗಿಯ ಗುಂಡಿ ಕಿತ್ತಿದೆ. ಗುಂಡಿ ಕಿತ್ತದ್ದನ್ನು ತಂಗಿ ಗಮನಿಸಿರಲಿಲ್ಲ. ಇಷ್ಟು ಚೆನ್ನಾಗಿ ನೋಡುವ ಕಣ್ಣಿನ ಮುಂದೆ ತನ್ನದು ಯಾವ ಲೆಕ್ಕ ಎನಿಸಿತು. ಅಕ್ಕನ ಮುಖವಂತೂ ಅರಳಿಬಿಟ್ಟಿತ್ತು. ಅದನ್ನು ನೋಡಿ ತಂಗಿಗೆ ಸಂತೋಷವೂ ಆಯಿತು, ಹೊಟ್ಟೆಯೂ ಉರಿಯಿತು.

ಆಮೇಲೆ ಹಕ್ಕಿ ಕೂಗಿತು. ಡಬ್ಬಿ ಹೇಳಿತು: "ತೋಟದಲ್ಲಿ ಯಾರೂ ಇಲ್ಲ. ಮರದ ಕೆಳಗೆ ಒಂದು ಖಾಲಿ ಕುರ್ಚಿ ಇದೆ."

ಅಕ್ಕ ಡಬ್ಬಿಗೆ ನಿಲ್ಲು ಎಂದಳು. ಪರದೆ ನಿಂತಿತು.

"ಅಕ್ಕ, ಮಾಲಿ ಇಲ್ಲ" ಎಂದಳು ತಂಗಿ. ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಕೈಕೊಟ್ಟಿತ್ತು. "ಯಾವತ್ತೂ ಇರಲಿಲ್ಲ. ನಾನೇ ಕಟ್ಟಿದ್ದು."

"ಗೊತ್ತು ಕಣೆ."

ಅಕ್ಕ ನಿಧಾನವಾಗಿ ಹೇಳಿದಳು. ಒಡತಿ ಗೇಟಿಗೆ ಬೀಗ ಹಾಕಿ, ಈ ಕಾಂಪೌಂಡಿನೊಳಗೆ ಇನ್ನು ನಾನೊಬ್ಬಳೇ ಎಂದು ಅತ್ತ ದಿನವಿತ್ತಲ್ಲ, ಅವತ್ತೇ ಗೊತ್ತಾಗಿತ್ತಂತೆ. ಅವಳು ಹಾಗೆ ಅಳುತ್ತಿರುವಾಗಲೇ ತಂಗಿ ಮಾಲಿಯನ್ನು ಮೆಟ್ಟಿಲ ಮೇಲೆ ನಿಲ್ಲಿಸಿದ್ದಳು. ಹಳೇ ಕಸುಬು, ಬಿಟ್ಟರೂ ಬಿಡದು, ಕಿವಿಗೇ ತಪ್ಪು ಸಿಕ್ಕಿಬಿತ್ತು ಎಂದು ನಕ್ಕಳು.

ಅಷ್ಟು ದಿನದಿಂದ ಯಾಕೆ ಸುಮ್ಮನಿದ್ದೆ ಎಂದು ತಂಗಿ ಕೇಳಿದಳು.

"ಜೀವಮಾನವೆಲ್ಲ ಕಂಡವರ ತಪ್ಪು ತಿದ್ದಿದ್ದಾಯ್ತು. ಇದೊಂದು ಇರಲಿ ಅನ್ನಿಸ್ತು. ಕಣ್ಣು ಹೋದ್ಮೇಲೆ, ನಾಳೆ ಏನಾಗುತ್ತೋ ಅಂತ ನಾನು ಕಾದಿದ್ದು ಅವನೊಬ್ಬನಿಗೇ. ನೀನು ಅವನನ್ನ ಊರಿಗೆ ಕಳಿಸಿದ ದಿನ ನಂಗೆ ಅಳು ಬಂದಿತ್ತು."

"ಮತ್ತೆ ಈ ಅಪ್‌ಡೇಟಿಗೆ ಹಗಲೂ ಇರುಳೂ ಯಾಕೆ ಕಾಯ್ತಿದ್ದೆ? ಇದು ಬಂದ್ರೆ ಅವನು ಹೋಗ್ತಾನೆ ಅಂತ ಗೊತ್ತಿರಲಿಲ್ವಾ?"

ಅಕ್ಕ ತಡವಿ ತಂಗಿಯ ಪಾದವನ್ನು ಹುಡುಕಿ ಮಡಿಲಿಗೆ ಎಳೆದುಕೊಂಡಳು. ನಿಂತು ನಿಂತು ಉಬ್ಬಿದ ಪಾದ ಅದು. ಹಿಮ್ಮಡಿಯನ್ನು ಒಮ್ಮೆ ಒತ್ತಿದಳು.

"ನಿನಗೋಸ್ಕರ ಕಣೆ. ಬೆಳಿಗ್ಗೆಯಿಂದ ನಿಂತು ಕತ್ತರಿ ಆಡಿಸ್ತೀಯ, ಆಮೇಲೆ ಮನೆಗೂ ಹೋಗದೆ ನನಗೆ ಕಣ್ಣಾಗಿ ಕೂರ್ತೀಯ. ಎಷ್ಟು ದಿನ ಮಾತಿನ ಮಧ್ಯೆಯೇ ನಿದ್ದೆಗೆ ಜಾರಿದ್ದೀಯ, ನಂಗೆ ಕೇಳಿಸ್ತಿರಲಿಲ್ವಾ? ನಿಲ್ಲಿಸು ಅಂತ ನಾನು ಹೇಳಿದ್ರೆ ನೀನು ಕೇಳೋವಳಲ್ಲ. ಇಂಥದ್ದೊಂದು ದನಿ ಬಂದ್ರೆ ನಿನಗೆ ಬಿಡುಗಡೆ ಆಗುತ್ತೆ ಅಂತ ಕಾಯ್ತಿದ್ದೆ."

ತನ್ನ ಬಾಳಿನಲ್ಲಿ ಯಾರೂ ತನಗಾಗಿ ಯಾವುದಕ್ಕೂ ಹೀಗೆ ದಿನಬೆಳಗಾದರೆ ಕಾದದ್ದಿಲ್ಲ ಎಂದು ತಂಗಿಗೆ ಅನಿಸಿತು. ನನಗೆ ಬಿಡುಗಡೆ ಬೇಡ, ಆ ಹೊತ್ತು ಒಂದಿಲ್ಲದಿದ್ದರೆ ನನ್ನ ದಿನಕ್ಕೆ ಸಂಜೆಯೇ ಇಲ್ಲ ಎಂದು ಹೇಗೋ ಹೇಳಿದಳು.

"ಬೇಡ ಅಂದ್ರೆ ಬಿಡು, ಫೋನ್ ಮಾಡು. ಆದ್ರೆ ನೋಡೋ ಕೆಲಸ ಇನ್ಮೇಲೆ ಇದರದ್ದು. ಎಷ್ಟು ಚೆನ್ನಾಗಿ ಮಾಡುತ್ತೆ ನೋಡು, ಪಾಪ. ಇವತ್ತು ನೀನು ಕಾಲು ಮೇಲಿಟ್ಟು ಸುಮ್ನೆ ಕೂತ್ಕೋ." ಅಕ್ಕ ಡಬ್ಬಿಯ ಕಡೆ ತಿರುಗಿ, ತೋಟವನ್ನು ಇನ್ನೊಮ್ಮೆ ಹೇಳು ಎಂದಳು.

ತೋಟದಲ್ಲಿ ಯಾರೂ ಇಲ್ಲ, ಮರದ ಕೆಳಗೆ ಒಂದು ಖಾಲಿ ಕುರ್ಚಿ ಇದೆ ಎಂದು ಡಬ್ಬಿ ಬೇಸರವಿಲ್ಲದೆ ಮತ್ತೆ ಹೇಳಿತು. ತಂಗಿ ಪರದೆಯತ್ತ ನೋಡಿದಳು. ಹೌದು, ಕುರ್ಚಿಯಿತ್ತು. ಇಷ್ಟು ತಿಂಗಳು ಅದೇ ತೋಟವನ್ನು ನೋಡಿಯೂ ಅವಳ ಕಣ್ಣಿಗೆ ಅದು ಬಿದ್ದಿರಲಿಲ್ಲ.

"ಆ ಕುರ್ಚಿ ಒಡತಿಯೇ ತಂದು ಹಾಕಿಸಿದ್ದು" ಎಂದಳು ಅಕ್ಕ. "ಮಾಲಿ ಅವಳ ಮುಂದೆ ಯಾವತ್ತೂ ಕೂತವನಲ್ಲ. ಅದಕ್ಕೇ ಹಾಕಿಸಿ ತಾನು ಒಳಗೆ ಹೋಗಿಬಿಟ್ಟಳು. ಅವನು ಬಂದು ಅದನ್ನ ನೋಡಿದ. ಆ ಕಡೆ ಈ ಕಡೆ ನೋಡಿದ."

ಅಕ್ಕ ಅಲ್ಲಿಗೇ ನಿಲ್ಲಿಸಿ, ತಂಗಿಯ ಇನ್ನೊಂದು ಪಾದವನ್ನೂ ಎಳೆದು ಮಡಿಲಲ್ಲಿ ಇಟ್ಟುಕೊಂಡಳು. ತಂಗಿ ಸೋಫಾಕ್ಕೆ ತಲೆ ಒರಗಿಸಿ ಕಣ್ಣು ಮುಚ್ಚಿದಳು.

"ಆಮೇಲೆ?" ಎಂದು ಕೇಳಿದಳು.