ದಂಡೆಯಿಂದ ನಡೆದೇ ಇಳಿಯುವ ಸಮುದ್ರ

ನನ್ನ ಮಗಳು ಐಶ್ವರ್ಯ ಮುರುಡೇಶ್ವರಕ್ಕೆ ಹೋಗಿ ಬಂದಾಗ ನಾನು ಓಣಿಗೆಲ್ಲ ಪ್ರಸಾದ ಹಂಚಿದ್ದೆ. ಈ ಕಾಲದಲ್ಲೂ ಗೆಳತಿಯರ ಜೊತೆ ದೇವರ ದರ್ಶನಕ್ಕೆ ಹೋಗುವ ಹುಡುಗಿ ಎಂದು ಕಂಡಕಂಡವರ ಮುಂದೆ ಹೇಳಿಕೊಂಡಿದ್ದೆ. ಅವಳು ಹೋದದ್ದು ದೇವರಿಗಲ್ಲ, ಅಲ್ಲಿನ ಸಮುದ್ರದಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದಕ್ಕೆ ಎಂದು ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ. ಅದೂ ಅವಳೇ ಬಾಯಿಬಿಟ್ಟಾಗ.

ಅಂದು ಭಾನುವಾರ ಮಧ್ಯಾಹ್ನ. ಚಿತ್ತಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಎಲ್ಲರೂ ಇದ್ದೆವು. ನನ್ನ ಅತ್ತೆ ಸೂಗಮ್ಮ ನೆಲದ ಮೇಲೆ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದರು. ಗಂಡ ಶರಣಕುಮಾರ ಪೇಪರಿನ ಹಿಂದೆ ಅರ್ಧ ನಿದ್ದೆಯಲ್ಲಿದ್ದರು. ನಾನು ಹತ್ತನೇ ತರಗತಿಯ ಸಮಾಜ ವಿಜ್ಞಾನದ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಐಶ್ವರ್ಯ ಲ್ಯಾಪ್‌ಟಾಪ್ ಹಿಡಿದುಕೊಂಡು ಮಾಳಿಗೆಯಿಂದ ಇಳಿದು ಬಂದಳು. ಅವಳು ಪುಣೆಯ ಒಂದು ಕಂಪನಿಗೆ ಆನ್‌ಲೈನ್ ಪಾಠ ಬರೆದುಕೊಡುತ್ತಾಳೆ. ಆಫೀಸು ಅಂದರೆ ನಮ್ಮ ಮಾಳಿಗೆಯ ಕೋಣೆಯೇ.

"ಪಪ್ಪಾ, ಮಮ್ಮಿ, ಜರಾ ಇಕಡೆ ನೋಡ್ರಿ. ನಾ ಎರಡು ತಿಂಗಳ ಹೊರಗಿನ ದೇಶಕ್ಕ ಹೋಗ್ಲಿಕತ್ತೀನಿ. ಕೆಲಸಾ ಅಲ್ಲಿಂದನೇ ಮಾಡ್ತೀನಿ, ಕೆಲಸ ಮುಗದ ಮ್ಯಾಲ ಸಮುದ್ರದಾಗ ಇಳೀತೀನಿ. ಎಲ್ಲಿಗಿ ಅಂಬೋದು ಇನ್ನಾ ಪಕ್ಕಾ ಆಗಿಲ್ಲ. ನೀವು ಹೇಳ್ರಿ."

ಹೋಗಲೋ ಬೇಡವೋ ಎಂಬ ಪ್ರಶ್ನೆಯನ್ನು ಪ್ರಶ್ನೆಪತ್ರಿಕೆಯಿಂದಲೇ ಕಿತ್ತುಹಾಕಿ, ಯಾವ ಊರು ಎಂದಷ್ಟೇ ನಮಗೆ ಉಳಿಸಿದ್ದಳು. ನನ್ನ ಕೈಯಲ್ಲಿದ್ದ ಕೆಂಪು ಪೆನ್ನು ಯಾವುದೋ ಪಾಪದ ಹುಡುಗನ ಸರಿಯುತ್ತರದ ಮೇಲೆ ಉದ್ದಕ್ಕೆ ಗೀಟು ಎಳೆಯಿತು. ಮುರುಡೇಶ್ವರದ ಸತ್ಯವೂ ಹೊರಬಿದ್ದದ್ದು ಆಗಲೇ. "ಇಳೀಲಿಕ್ಕ ಎಲ್ಲಿ ಕಲ್ತಿ?" ಎಂದು ನಾನು ಕಿರುಚಿದಾಗ, ನಾಚಿಕೆಯೇ ಇಲ್ಲದೆ ಹೇಳಿದಳು.

ಅವಳ ಕಣ್ಣಿನಲ್ಲಿ ಮೂರು ಊರುಗಳಿದ್ದವು. ಥೈಲ್ಯಾಂಡಿನ ಒಂದು ದ್ವೀಪ, ಫಿಲಿಪ್ಪೀನ್ಸಿನ ಒಂದು ಹಳ್ಳಿ, ಈಜಿಪ್ಟಿನಲ್ಲಿ ಕೆಂಪು ಸಮುದ್ರದ ದಂಡೆಯ ದಹಬ್. ದ್ವೀಪದಲ್ಲಿ ಕಲಿಸುವವರು ಬಹಳ, ಆದರೆ ಕರೆಂಟು ಹೋಗಿಬಂದು ಮಾಡುತ್ತದೆ. ಹಳ್ಳಿಯಲ್ಲಿ ಮೀನು ಹಿಂಡುಹಿಂಡಾಗಿ ಕಾಣುತ್ತವೆ, ಆದರೆ ಆಫೀಸು ಮುಗಿಯುವಾಗ ಅಲ್ಲಿ ರಾತ್ರಿಯಾಗಿರುತ್ತದೆ. ದಹಬ್‌ನಲ್ಲಿ ನಮಗಿಂತ ಗಡಿಯಾರ ಹಿಂದಿದೆ, ಹೀಗಾಗಿ ಮಧ್ಯಾಹ್ನವೇ ಕೆಲಸ ಮುಗಿದು ನೀರಿಗೆ ಇಳಿಯಬಹುದು. ಕೆಂಪು ಸಮುದ್ರವನ್ನು ನಕಾಶೆಯಲ್ಲಿ ಗುರುತಿಸುವುದನ್ನು ವರ್ಷಗಟ್ಟಲೆ ಕಲಿಸಿದವಳು ನಾನು. ಅದರೊಳಗೆ ಹೋಗಿ ಬರಬಹುದು ಎಂದು ಮಾತ್ರ ಯಾರಿಗೂ ಕಲಿಸಿರಲಿಲ್ಲ.

ನನ್ನ ಗಂಡನಾದರೂ ಗದರಿಸುತ್ತಾರೆ ಎಂದು ಕಾದೆ. ಈ ಮನುಷ್ಯ ಪೇಪರು ಮಡಚಿಟ್ಟು, "ಅಲ್ಲಿ ನೆಟ್ ಹ್ಯಾಂಗದ?" ಅಂದರು.

"ರೀ! ನಿಮಗೇನರ ಬುದ್ಧಿ ಅದನೋ ಇಲ್ಲೋ?"

"ಖರ್ಚು ಎಷ್ಟಾಗ್ತದ ಕೇಳೂಣು ತಡಿ," ಎಂದು ಮಗಳ ಪರದೆಯ ಕಡೆಗೇ ಬಗ್ಗಿದರು. ತಹಸೀಲ್ ಕಚೇರಿಯಲ್ಲಿ ಒಂದು ಸಹಿಗೆ ಮೂರು ಸಲ ಓಡಾಡಿಸುವವರು, ಮಗಳನ್ನು ಸಮುದ್ರಕ್ಕೆ ಕಳಿಸಲು ನಿಂತ ಕಾಲಲ್ಲೇ ತಯಾರಾಗಿದ್ದರು.

ನನ್ನ ಬಳಿ ಉಳಿದಿದ್ದದ್ದು ಒಂದೇ ಅಸ್ತ್ರ. ಮಗಳ ಕೊರಳಲ್ಲಿ ಬೆಳ್ಳಿಯ ಕರಡಿಗೆ ಇತ್ತು, ಅದರೊಳಗೆ ಅವಳ ಇಷ್ಟಲಿಂಗ. ನಮ್ಮ ಮನೆಯಲ್ಲಿ ಹುಟ್ಟಿದ ಕೂಸಿನಿಂದ ಹಿಡಿದು ಎಲ್ಲರ ಮೈಮೇಲೂ ಅದು ಇರಲೇಬೇಕು. ಉಂಡರೂ ಮಲಗಿದರೂ ಮೈಬಿಟ್ಟು ಹೋಗಬಾರದು.

"ಅದನ್ನ ಎಲ್ಲಿ ಇಟ್ಟು ಮುಳುಗ್ತಿ?"

"ಸೂಟಿನ ಒಳಗೇ ಇರ್ತದ ಮಮ್ಮಿ."

"ದಾರ ಹರದ್ರ? ಸಮುದ್ರದ ತಳಕ್ಕ ಹೋದ್ರ ಹುಡುಕಿ ತರ್ತೀಯೇನು?"

ಅವಳ ಕೈ ಕರಡಿಗೆಯ ಮೇಲೆ ಹೋಯಿತು. ಗೆದ್ದೆ ಅಂದುಕೊಂಡೆ. "ನಿಮ್ಮ ಆಯಿನ್ನ ಕೇಳು. ಆಯಿ ಹ್ಞೂಂ ಅಂದ್ರ ನಾಳಿಗೇ ಹೋಗು, ನಾ ಅಡ್ಡ ಬರಲ್ಲ," ಎಂದು ಅತ್ತೆಯ ಕಡೆ ಕೈ ತೋರಿದೆ.

ನಾನು ಅಷ್ಟು ಧೈರ್ಯವಾಗಿ ಹೇಳಿದ್ದಕ್ಕೆ ಕಾರಣವಿತ್ತು. ಮದುವೆಯಾದ ಹೊಸದರಲ್ಲಿ ಒಮ್ಮೆ ಸ್ನಾನ ಮಾಡುವಾಗ ಕರಡಿಗೆ ತೆಗೆದು ಬಚ್ಚಲ ಗೂಡಿನಲ್ಲಿಟ್ಟು, ಮರೆತು, ವಾಡಿಯ ಶಾಲೆಗೆ ಹೋಗಿಬಿಟ್ಟಿದ್ದೆ. ಮೊದಲ ಪಿರಿಯಡ್ ಮುಗಿಯುವ ಮೊದಲೇ ಅತ್ತೆ ಬಸ್ಸು ಹತ್ತಿ ಬಂದು ತರಗತಿಯ ಬಾಗಿಲಲ್ಲಿ ನಿಂತಿದ್ದರು. ಸೆರಗು ಜಾರಿತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಒಂದು ಮಾತೂ ಆಡದೆ, ಅಷ್ಟೂ ಮಕ್ಕಳ ಎದುರಿಗೆ, ನಡುಗುವ ಕೈಯಿಂದ ಅದನ್ನು ನನ್ನ ಕೊರಳಿಗೆ ಕಟ್ಟಿ ಹೋದರು. ಅಂದು ಆದ ಅವಮಾನವನ್ನು ನಾನು ಮೂವತ್ತು ವರ್ಷ ಸಾಕಿಕೊಂಡು ಬಂದಿದ್ದೇನೆ. ಅಂಥ ಹೆಂಗಸು ಹ್ಞೂಂ ಅನ್ನುವುದುಂಟೇ?

ಅತ್ತೆ ಮೊರದಿಂದ ಕಣ್ಣೆತ್ತಲಿಲ್ಲ. "ಐಶು, ಯಾವ ನೀರು ತಿಳಿ ಅದ?" ಅಂದರು.

ನನ್ನ ಕಿವಿಗೆ ಬಿದ್ದದ್ದು ಸರಿಯೋ ತಪ್ಪೋ ತಿಳಿಯಲಿಲ್ಲ.

"ಮೂರೂ ತಿಳೀನೇ, ಆಯಿ."

"ತಳ ಕಾಣ್ತದೇನು? ಇಳಿಯೋದು ಹ್ಯಾಂಗ, ದೋಣ್ಯಾಗಿಂದ ಜಿಗೀಬೇಕೇನು?"

"ಎರಡು ಕಡೆ ದೋಣೀಲೇ ಹೋಗಬೇಕು. ಈಜಿಪ್ಟದಾಗ ದಂಡೀಲಿಂದ ನಡಕೊಂತನೇ ಇಳೀಬಹುದು."

"ಹಂಗಾದ್ರ ಅಲ್ಲಿಗೇ ಹೋಗು. ನಡಕೊಂತ ಇಳದ್ರ ಕಾಲಿಗಿ ನೆಲ ಗೊತ್ತಿರ್ತದ, ಹೊಳ್ಳಿ ಬರ್ಲಿಕ್ಕ ಚೊಲೊ," ಎಂದು ಒಂದು ಹರಳು ಆರಿಸಿ ಎಸೆದರು.

"ಅತ್ತೀ!" ನನ್ನ ಧ್ವನಿ ಓಣಿಗೆ ಕೇಳಿಸಿರಬೇಕು. "ಲಿಂಗದ ಮಾತು ಆಡ್ಲಿಕತ್ತೀನಿ ನಾ. ಕಿವಿಗಿ ಬೀಳಲಿಲ್ಲೇನ್ರಿ?"

ಅತ್ತೆ ಕೈ ಒರೆಸಿಕೊಂಡರು. ಕುಪ್ಪಸದೊಳಗಿಂದ ತಮ್ಮ ಕರಡಿಗೆ ತೆಗೆದು, ಮುಚ್ಚಳ ಬಿಚ್ಚಿ, ಒಳಗಿನ ಬಟ್ಟೆ ಬಿಡಿಸಿ, ಅದರಲ್ಲಿದ್ದದ್ದನ್ನು ನನ್ನ ಅಂಗೈಯಲ್ಲಿಟ್ಟರು. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ದಿನಾ ಅವರ ಪೂಜೆಗೆ ಪತ್ರಿ, ವಿಭೂತಿ ತಂದಿಟ್ಟವಳು ನಾನೇ ಆದರೂ ಹತ್ತಿರ ಹೋದವಳಲ್ಲ.

"ಉಗುರಿಲೆ ಕೆರಿ," ಅಂದರು.

"ಅತ್ತೀ, ಬ್ಯಾಡ್ರಿ."

"ಕೆರಿ ಅಂದೆ, ಕಸ್ತೂರಿ."

ಕೆರೆದೆ. ಕರಿ ಬಣ್ಣ ಉಗುರಿಗೆ ಹತ್ತಿತು. ಅದು ದೀಪದ ಕಾಡಿಗೆ ಮತ್ತು ಔಡಲೆಣ್ಣೆ. ಅದರ ಕೆಳಗೆ ಬೂದು ಬಣ್ಣದ ಕಲ್ಲಿತ್ತು. ನಾನು ಅದನ್ನು ನೋಡಿದೆ, ನನ್ನ ಕಾಲ ಕೆಳಗಿನ ನೆಲವನ್ನು ನೋಡಿದೆ. ಎರಡೂ ಒಂದೇ. ಪ್ರತಿ ಶುಕ್ರವಾರ ನಾನು ನೀರು ಹಾಕಿ ತೊಳೆಯುವ ಶಹಾಬಾದಿ ಕಲ್ಲು.

ಗಂಡ "ಅವ್ವಾ" ಅಂದರು. ಎದ್ದು ಬಂದು ನನ್ನ ಅಂಗೈಯನ್ನು ನೋಡಿದರು.

ಅತ್ತೆಯ ತವರು ಭಂಕೂರ, ಶಹಾಬಾದದ ಪಕ್ಕದಲ್ಲೇ. ಊರ ಹೊರಗೆ ಕಲ್ಲು ತೆಗೆದು ಬಿಟ್ಟ ಖಣಿಗಳಲ್ಲಿ ಮಳೆನೀರು ನಿಂತಿರುತ್ತದೆ. "ಅರಬಿ ಒಗೀಲಿಕ್ಕ ಹೋಗಿದ್ದೆವು," ಎಂದು ಅತ್ತೆ ಸಂತೆಯ ಸುದ್ದಿ ಹೇಳುವಷ್ಟು ತಣ್ಣಗೆ ಹೇಳಿದರು. "ಹನ್ನೆರಡು ವರ್ಷದಾಕಿ ನಾ. ಈಜ್ಲಿಕ್ಕ ಬರ್ತಿತ್ತು. ನೀರಾಗ ದಾರ ಹರೀತು, ಲಿಂಗ ಹೋಯ್ತು. ನಮ್ಮ ಮುತ್ಯಾ ದಿನಾ ಹೇಳ್ತಿದ್ದ, ಲಿಂಗ ಕಳಕೊಂಡವರು ಬದುಕಬಾರ್ದಂತ. ಅದಕ್ಕ ಹುಡುಕ್ಲಿಕ್ಕ ಇಳದೆ. ಸಿಗಲಿಲ್ಲ. ಮತ್ತ ಇಳದೆ. ಈ ಸಲ ಮ್ಯಾಲ ಬರಬಾರ್ದಂತನೇ ಇಳದೆ."

ಐಶ್ವರ್ಯ ಲ್ಯಾಪ್‌ಟಾಪ್ ಮುಚ್ಚಿದಳು.

"ತಳದಾಗ ಬಿಸಿಲ ಬಿದ್ದಿತ್ತು. ಕಲ್ಲು ಹ್ಯಾಂಗ ಕೊಯ್ದಿದ್ರು, ಪಾವಟಗಿ ಪಾವಟಗಿ, ಮೆಟ್ಟಲ ಇದ್ದಂಗ, ಎಲ್ಲಾ ಕಾಣಸ್ತಿತ್ತು. ಸಣ್ಣ ಮೀನ ಬಂದು ಕೈ ಮುಟ್ಟಿ ಹೋದ್ವು. ಯಾರೂ ನನ್ನ ಹೆಸರ ಹಿಡದು ಕರೀಲಿಲ್ಲ. ಅಷ್ಟು ಚಂದ ನಾ ಎಂದೂ ನೋಡಿದ್ದಿಲ್ಲ, ಕಸ್ತೂರಿ. ಸಾಯ್ಲಿಕ್ಕ ಹೋದಾಕಿ, ಇನ್ನೊಂದ್ಸಲ ನೋಡಬೇಕಂತ ಉಸಿರ ತಗೊಳ್ಲಿಕ್ಕ ಮ್ಯಾಲ ಬಂದೆ. ಕೈಯಾಗ ಈ ಚೂರು ಇತ್ತು. ಫರಸಿ ಕಲ್ಲಿಗಿ ತಿಕ್ಕಿ ಗುಂಡಗ ಮಾಡಿ ಕಟ್ಟಿಕೊಂಡೆ. ಇವತ್ತಿನ ತನಕ ಇದನ್ನೇ ಪೂಜಿ ಮಾಡೀನಿ."

ಆಗ ನನಗೆ ಸಿಟ್ಟು ನೆತ್ತಿಗೇರಿತು. "ಹಂಗಾದ್ರ ನನ್ನ ಯಾಕ ಕಾಡಿದ್ರಿ? ಶಾಲಿ ತನಕ ಬಂದು, ಹುಡುಗರ ಮುಂದ ನನ್ನ ಮರ್ಯಾದಿ ತಗದ್ರಿ. ನಿಮ್ಮ ಕೊರಳಾಗ ಕಲ್ಲು, ನನಗ ಉಪದೇಶ!"

ಅತ್ತೆ ಮೊರವನ್ನು ಪಕ್ಕಕ್ಕೆ ಸರಿಸಿದರು. "ಬಚ್ಚಲದಾಗ ಕರಡಗಿ ನೋಡಿದೆ. ಹೊಸಾ ಸೊಸಿ, ಕಟ್ಟಾ ಮನಿತನದಿಂದ ಬಂದಾಕಿ. ಕಳಕೊಂಡೆ ಅಂತ ತಿಳಕೊಂಡು ಬಾವಿ ಕೆರಿ ನೋಡಿದ್ರ ಏನ್ ಮಾಡ್ಲಿ ಅಂತ ಓಡಿ ಬಂದೆ. ನಿನಗ ಬೈಲಿಕ್ಕ ಬಂದಿದ್ದಿಲ್ಲ, ಕಸ್ತೂರಿ. ನೀ ಇದ್ದೀಯೋ ಇಲ್ಲೋ ನೋಡ್ಲಿಕ್ಕ ಬಂದಿದ್ದೆ."

ಬಾಗಿಲಲ್ಲಿ ಜಾರಿದ ಸೆರಗು, ಬರಿಗಾಲು, ನಡುಗುವ ಕೈ. ಆ ಕೈ ನಡುಗಿದ್ದು ಸಿಟ್ಟಿಗೆ ಎಂದೇ ನಾನು ಮೂವತ್ತು ವರ್ಷ ನಂಬಿದ್ದೆ. ನನಗೆ ಅಳು ಬಂತು. ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಕರಡಿಗೆಯಲ್ಲಿಟ್ಟು, ಮುಚ್ಚಳ ಹಾಕಿ, ನಾನೇ ಅವರ ಕೊರಳಿಗೆ ಕಟ್ಟಿದೆ.

ಮರುದಿನ ಬೆಳಿಗ್ಗೆ ಪೂಜೆಗೆ ಪತ್ರಿ ಇಡಬೇಕೋ ಬೇಡವೋ ಎಂದು ಬಾಗಿಲಲ್ಲಿ ನಿಂತು ಯೋಚಿಸಿದೆ. ಅತ್ತೆ ಎಂದಿನಂತೆ ಅಂಗೈಯಲ್ಲಿ ಕಲ್ಲಿಟ್ಟುಕೊಂಡು ಕಣ್ಣು ಮುಚ್ಚಿದ್ದರು. ಇಟ್ಟು ಬಂದೆ.

ಐಶ್ವರ್ಯ ದಹಬ್‌ಗೇ ಹೋಗುವುದಾಯಿತು. ರೊಟ್ಟಿ ಒಣಗಿಸಿ ಕಟ್ಟಿದೆ, ಶೇಂಗಾ ಹಿಂಡಿ ಕುಟ್ಟಿದೆ. ಬೈಯುವುದನ್ನೂ ಬಿಡಲಿಲ್ಲ. ವಾಡಿ ಸ್ಟೇಷನ್ನಿಗೆ ಹೊರಡುವ ಮುಂಚೆ ಅವಳನ್ನು ಕೂರಿಸಿಕೊಂಡು, ಕರಡಿಗೆಯ ಹಳೆಯ ದಾರ ತೆಗೆದು, ಹೊಸದನ್ನು ಎರಡೆಳೆ ಮಾಡಿ ಬಿಗಿಯಾಗಿ ಗಂಟು ಹಾಕಿದೆ. ಇನ್ನೊಂದು ಗಂಟು, ಅದರ ಮೇಲೆ ಮತ್ತೊಂದು.

"ಇಲ್ಲ ಮಮ್ಮಿ, ಕಳಕೊಳ್ಳಲ್ಲ. ಆಣಿ ಮಾಡ್ಲೇನು?" ಅಂದಳು.

ಅತ್ತೆ ಕಟ್ಟೆಯ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದರು. ನಾನು ಮಗಳ ಗಲ್ಲ ಹಿಡಿದು ಹೇಳಿದ ಮಾತಿಗೆ ನಾನೇ ಬೆಚ್ಚಿದೆ.

"ಆಣಿ ಗೀಣಿ ಬ್ಯಾಡ. ಹೋದ್ರ ಹೋಗ್ಲಿ. ಅದರ ಹಿಂದ ನೀ ಹೋಗಬ್ಯಾಡ. ನೀ ಮ್ಯಾಲ ಬಾ."