ಬಾವಿಕಟ್ಟೆಯ ಮೇಲೆ ದೊಡ್ಡಬೀರಯ್ಯ

ಹಳ್ಳಿಯೊಂದರ ಮೇಲಿನ ಬೀದಿಯಲ್ಲಿ ಕಾಲರಾದಿಂದ ಸಾವುಗಳಾದ ಸುದ್ದಿ ತಿಳಿದು, ಹೆಲ್ತ್ ಇನ್ಸ್‌ಪೆಕ್ಟರ್ ಚಲುವರಾಜು ಬ್ಲೀಚಿಂಗ್ ಪುಡಿಯ ಡಬ್ಬ ಹಿಡಿದು ಯಲಿಯೂರು ಸ್ಟೇಷನ್ನಿನಲ್ಲಿ ಇಳಿದ. ಕಾಲುವೆ ಏರಿಯ ಮೇಲೆ ನಡೆದು ಆ ಹಳ್ಳಿ ಸೇರಿದ. ಕೆಳಗಿನ ಬೀದಿಯನ್ನಾದರೂ ಉಳಿಸಬೇಕಿತ್ತು. ಅಲ್ಲಿಯವರಿಗೆಲ್ಲ ಇದ್ದದ್ದು ಒಂದೇ ಬಾವಿ. ಅದರ ಕಟ್ಟೆಯ ಮೇಲೆ ಊರ ಯಜಮಾನ ದೊಡ್ಡಬೀರಯ್ಯ ಕಾಲು ಚಾಚಿ ಕೂತಿದ್ದ.

"ಸ್ವಲ್ಪ ಏಳಿ ಅಜ್ಜ."

"ಯಾಕ್ ಸಾಮಿ ಏಳ್ಲಿ? ಮಾರಮ್ಮ ಊರೊಳಗವ್ಳೆ, ಗಾಟು ಅವ್ಳಿಗಾಗಕಿಲ್ಲ. ಒಗ್ಗರಣೆ ಗಾಟೂ ಏಳಬಾರ್ದು ಅಂತ ಒಲೆ ಮುಂದೆ ಎಂಗಸ್ರು ಉಸಿರು ಬಿಗಿ ಇಡ್ದವ್ರೆ. ನಿನ್ ಪುಡಿ ಮೂಗೇ ಕಿತ್ತಾಕ್ತದಲ್ಲ!" ಮುದುಕ ನೆರೆದವರತ್ತ ತಿರುಗಿದ. "ಕಾಲೇಜು ಓದ್ಬುಟ್ಟು ಸುಣ್ಣ ಮಾರಕ್ ಬಂದವ್ನೆ ನೋಡ್ರಲಾ."

ಜನ ನಕ್ಕರು. ಚಲುವರಾಜು ಸಿಟ್ಟಾಗಲಿಲ್ಲ. ತಾನೂ ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತು, ರೋಗ ನೀರಿನಿಂದ ಹರಡುವ ಬಗೆಯನ್ನು ಬಿಸಿಲೇರುವವರೆಗೂ ವಿವರಿಸಿದ. ಕೊನೆಗೆ ಮುದುಕನ ಮೊಮ್ಮಗಳು ಪುಟ್ಟಮಾದಿ ತಾತನನ್ನು ಊಟಕ್ಕೆ ಕರೆಯಲು ಬಂದಳು. ಮುದುಕ ಅವಳನ್ನೇ ನೋಡಿದ.

"ಪುಡಿ ಆಕಿದ್ ನೀರ ಕುಡುದ್ರೆ ಇವ್ಳಿಗೇನೂ ಆಗಕಿಲ್ವಾ?"

"ಈ ನೀರಿನಿಂದ ಏನೂ ಆಗುವುದಿಲ್ಲ."

"ಅಂಗಾರೆ ಆಕು. ನಾನೂ ಇದ್ನೇ ಕುಡೀತೀನಿ. ಮಾತು ಕೊಟ್ಟಿವ್ನಿ."

ಚಲುವರಾಜು ಬಾವಿಯ ಆಳ ಅಳೆದು, ಪುಡಿಯನ್ನು ತೂಗಿ, ಬಕೆಟ್ಟಿನಲ್ಲಿ ಕಲಸಿ, ಮೇಲೆ ನಿಂತ ತಿಳಿನೀರನ್ನು ಬಾವಿಗೆ ಸುರಿದ. ಪ್ರಮಾಣದಲ್ಲಿ ಸ್ವಲ್ಪವೂ ತಪ್ಪಿರಲಿಲ್ಲ.

ಮುಂದಿನ ವಾರ ಮತ್ತೆ ಬಂದಾಗ ಬಾವಿಯ ಬಳಿ ಅವನು ಮೊದಲು ಕಂಡದ್ದು ಸುತ್ತಲಿನ ನೆಲವನ್ನು. ಕೊಡ ಇಡುವ ಕಡೆಯೂ ಒಣಗಿ ಬಿರಿದಿತ್ತು. ಕೆಳಗಿನ ಬೀದಿಯ ಬಾಗಿಲುಗಳಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದರು. ದೊಡ್ಡಬೀರಯ್ಯ ಕಟ್ಟೆಯ ಮೇಲೆ ಅದೇ ಜಾಗದಲ್ಲಿ ಕೂತಿದ್ದ.

"ವಾಸ್ನೆ ಅಂತ ಒಬ್ರೂ ಇತ್ತಾಗ್ ಬರ್ನಿಲ್ಲ ಕಣಪ್ಪ. ಎಲ್ರೂ ಕಾಲ್ವೆಗೋದ್ರು. ನಮ್ ಕೂಸೂ ಈ ನೀರ ಉಗುದ್ಬುಡ್ತು. ಸೊಸೆ ದೇವಿರಮ್ಮ, ಪಾಪ, ಬಾಯಾರ್ಕೊಂಡದಲ್ಲ ಅಂತ ಅಲ್ಲಿಂದ ತಂದು ಕುಡುಸುದ್ಲು."

ಕಾಲುವೆಯ ಮೇಲ್ಭಾಗದಲ್ಲಿ ಮೇಲಿನ ಬೀದಿಯವರು ರೋಗಿಗಳ ಬಟ್ಟೆ ಒಗೆಯುತ್ತಿದ್ದುದನ್ನು ಚಲುವರಾಜು ಈಗಷ್ಟೇ ನೋಡಿ ಬಂದಿದ್ದ.

"ಪುಟ್ಟಮಾದಿ?"

"ಮಣ್ಣು ಮಾಡುದ್ವಿ. ನಾನೊಬ್ನೆ ಇಲ್ಲಿ ಸೇದಿ ಕುಡುದೆ. ಗುಂಡುಕಲ್ಲಂಗಿವ್ನಿ."

ಮುದುಕ ಎದ್ದು, ಚಲುವರಾಜುವಿನ ಕೈಯಲ್ಲಿದ್ದ ಡಬ್ಬ ನೋಡಿದ. ಆಮೇಲೆ ಏರಿಯತ್ತ ಕೈ ತೋರಿಸಿದ. ಕಾಲುವೆ ಅಂಚಿನವರೆಗೂ ತುಂಬಿ ಹರಿಯುತ್ತಿತ್ತು.

"ನಡಿ, ಅದುಕ್ಕೂ ಆಕು ನಿನ್ ಪುಡಿಯ. ಈ ಸಲ ನಾನು ಅಡ್ಡ ಬರಾಕಿಲ್ಲ."